ಹುಬ್ಬಳ್ಳಿ-ಧಾರವಾಡದಾಗ ರೂಮ್ ಎಲ್ಲಿ ಮಾಡೂದು, ಹೋಟೆಲ್ ಕೆಲಸಕ್ಕ ಎಲ್ಲಿ ಸೇರೂದು

ಹುಬ್ಬಳ್ಳಿ-ಧಾರವಾಡ ಒಂದ ಊರು ಅಂತ ತಿಳ್ಕೊಂಡು ರೂಮ್ ಬುಕ್ ಮಾಡಿ ಬಂದವ್ರ ಮುಖ ನಾನು ಕೌಂಟರ್ ಹಿಂದ ನಿಂತು ಭಾಳ ಸಲ ನೋಡೀನ್ರಿ. ಒಮ್ಮೆ ಕಾರವಾರದಿಂದ ಒಬ್ಬ ಹಿರಿಯರು ಬಂದಿದ್ರು, ಮರುದಿನ ಮುಂಜಾನೆ ಹೈಕೋರ್ಟಿನ್ಯಾಗ ಅವರ ಜಮೀನಿನ ಕೇಸು, ಮಗ ಆ್ಯಪಿನ್ಯಾಗ ಹುಬ್ಬಳ್ಳಿ-ಧಾರವಾಡ ಅಂತ ಹೊಡದು ಮೊದಲ ಬಂದ ಛಲೋ ಫೋಟೋ ನೋಡಿ ಗೋಕುಲ ರೋಡಿನ ನಮ್ಮ ಹೋಟೆಲ್ ಬುಕ್ ಮಾಡಿ ಕಳಿಸಿದ್ದ. ಕೀ ಕೊಡುವಾಗ ಕೇಳಿದ್ರು, "ಕೋರ್ಟು ಇಲ್ಲಿಂದ ಹತ್ರ ಅಲ್ವಾ ತಮ್ಮಾ, ಬೆಳಗ್ಗೆ ನಡ್ಕೊಂಡೇ ಹೋಗ್ಬಹುದಲ್ಲ?" ನಾನು ಏನ್ ಹೇಳ್ಲಿ. ಪಾಲಿಕೆ 1962ರಾಗ ಒಂದ ಮಾಡಿರಬಹುದು, ಬೋರ್ಡ್ ಮ್ಯಾಲೆ ಎರಡೂ ಹೆಸರಿನ ನಡುವ ಒಂದು ಸಣ್ಣ ಗೀಟು ಅಷ್ಟ ಇರಬಹುದು, ಆದ್ರ ಆ ಗೀಟಿನ ಉದ್ದ ಇಪ್ಪತ್ತು ಕಿಲೋಮೀಟರ್ ಐತಿ. ಅದರಾಗ ಹೈಕೋರ್ಟ್ ಪೀಠ ಧಾರವಾಡ ಊರೊಳಗ ಸುದ್ದಾ ಇಲ್ಲ, ಧಾರವಾಡ ದಾಟಿ ಬೆಳಗಾವಿ ರೋಡಿಗೆ ಬೇಲೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಐತಿ. ಮರುದಿನ ಏಳೂವರಿಗೆ ಟ್ಯಾಕ್ಸಿ ಮಾಡಿಸಿ ಕಳಿಸ್ದೆ. ಮುಂದಿನ ತಾರೀಖಿಗೆ ಫೋನ್ ಮಾಡಿದಾಗ ನಾನ ಹೇಳ್ದೆ, ಕಾಕಾರ ನಮ್ಮಲ್ಲಿ ಬ್ಯಾಡ್ರಿ, ಧಾರವಾಡದಾಗ ಮಾಡ್ರಿ ಅಂತ. ಇದನ್ನ ನಮ್ಮ ಮ್ಯಾನೇಜರ್‌ಗೆ ಯಾರೂ ಹೇಳಬ್ಯಾಡ್ರಿ.

ಸ್ಟೇಷನ್ ಹತ್ರ ಒಂದು ಲಾಡ್ಜಿನ್ಯಾಗ ಮೂರು ವರ್ಷ, ಆಮ್ಯಾಲೆ ಗೋಕುಲ ರೋಡಿಗೆ ಒಂದು ಬಿಸಿನೆಸ್ ಹೋಟೆಲಿನ್ಯಾಗ ಐದು ವರ್ಷ, ಒಟ್ಟು ಎಂಟು ವರ್ಷ ಫ್ರಂಟ್ ಆಫೀಸ್ ಮಾಡೀನಿ. ಬೀಗರು, ಗೆಳೆಯರು, ಓಣಿ ಮಂದಿ ಎಲ್ಲಾರೂ ಎರಡ ಪ್ರಶ್ನೆ ಕೇಳ್ತಾರ. ರೂಮ್ ಎಲ್ಲಿ ಮಾಡೂದು, ಮತ್ತ ನಮ್ಮ ಹುಡುಗನ್ನ ಹೋಟೆಲ್ ಲೈನಿಗೆ ಹಾಕಬಹುದೇನು. ಎರಡಕ್ಕೂ ನನ್ನ ಉತ್ತರ ಜಾಗದಿಂದನ ಚಾಲೂ ಆಗ್ತದ, ಅದಕ್ಕ ಎರಡೂ ಕೂಡೇ ಬರೀಲಿಕತ್ತೀನಿ.

ಒಂದು ಮಾತು ಮೊದಲ ಹೇಳಿಬಿಡ್ತೀನಿ. ನಮ್ಮ ಕಡೆ ಹೋಟೆಲ್ ಅಂದ್ರ ಇಡ್ಲಿ-ವಡಿ ತಿನ್ನೂ ಜಾಗ. ಆಟೋದವ್ರಿಗೆ ಛಲೋ ಹೋಟೆಲಿಗೆ ಕರ್ಕೊಂಡು ಹೋಗ್ರಿ ಅಂದ್ರ ದ್ವಾಸಿ ತಿನ್ನೂದಕ್ಕ ಬಿಡ್ತಾರ, ತಪ್ಪು ಅವರದಲ್ಲ. ಮಲಗೂದಕ್ಕ ಬೇಕಂದ್ರ ಲಾಡ್ಜ್ ಅನ್ರಿ, ಇಲ್ಲಾ ರೂಮ್ ಅನ್ರಿ.

ಯಾವ ಕಡೆ ಇಳೀಬೇಕು

ನೀವು ಮೊದಲ ನೋಡಬೇಕಾದ್ದು ಸ್ಟಾರ್ ಎಷ್ಟು ಅನ್ನೂದಲ್ಲ. ಮರುದಿನ ಮುಂಜಾನೆ ಒಂಬತ್ತಕ್ಕ ನೀವು ಎಲ್ಲಿ ಇರಬೇಕು? ಆ ಜಾಗ ಮ್ಯಾಪಿನ್ಯಾಗ ಹಾಕ್ರಿ, ಅದರ ಸುತ್ತ ರೂಮ್ ಹುಡುಕ್ರಿ. ಇಷ್ಟ ಮಾಡಿದ್ರ ಅರ್ಧ ಕೆಲಸ ಮುಗೀತು.

ಸ್ಟೇಷನ್ ಕಡೆ, ಅಂದ್ರ ಸ್ಟೇಷನ್ ರೋಡ್, ಲ್ಯಾಮಿಂಗ್ಟನ್ ರೋಡ್, ಕೊಪ್ಪೀಕರ್ ರೋಡ್, ಚನ್ನಮ್ಮ ಸರ್ಕಲ್ ಸುತ್ತಮುತ್ತ. ಅರಿವಿ ಖರೀದಿಗೆ ದಾಜಿಬಾನ ಪೇಟೆಗೆ ಬರೂವವ್ರು, ಲಗ್ನದ ಜವಳಿ ತಗೊಳ್ಳೂವವ್ರು, ಒಂದು ರಾತ್ರಿ ಮಲಗಿ ಮುಂಜಾನೆ ಗಾಡಿ ಹತ್ತೂವವ್ರು, ಇವ್ರಿಗೆಲ್ಲಾ ಇದ ಕಡೆ ಬರೋಬ್ಬರಿ. ಸಂಜಿಕೆ ದುರ್ಗದಬೈಲಿಗೆ ನಡ್ಕೊಂಡು ಹೋಗಿ ಗಿರ್ಮಿಟ್, ಮಿರ್ಚಿ ತಿಂದು ಬರಬಹುದು, ಹಳೇ ಬಸ್ ಸ್ಟ್ಯಾಂಡೂ ದೂರಿಲ್ಲ. ರೇಟೂ ಕಮ್ಮಿ. ಆದ್ರ ಸಪ್ಪಳ ಐತ್ರಿ, ಅದನ್ನ ಮುಚ್ಚಿಟ್ಟು ಏನ್ ಮಾಡೂದು. ಚನ್ನಮ್ಮ ಸರ್ಕಲ್ ಫ್ಲೈಓವರ್ ಕೆಲಸ ಚಾಲೂ ಆದಾಗಿಂದ ಧೂಳು, ಡೈವರ್ಷನ್ ಬ್ಯಾರೆ. ಕಾರ್ ತಂದಿದ್ರ ಪಾರ್ಕಿಂಗ್ ಕೇಳದ ಈ ಕಡೆ ಬುಕ್ ಮಾಡಬ್ಯಾಡ್ರಿ, "ಐತಿ ಸರ್" ಅಂತಾರ, ಬಂದು ನೋಡಿದ್ರ ಗಟರ್ ಮ್ಯಾಲೆ ಎರಡು ಗಾಲಿ ಹತ್ತಿಸಿ ನಿಲ್ಸೂದು ಆಗಿರ್ತದ. ಮತ್ತ ಸ್ಟೇಷನ್ ಪಕ್ಕದಾಗ ಅಂತ ಬರದಿದ್ರ ಯಾವ ಗೇಟ್ ಅಂತ ಕೇಳ್ರಿ, ಗದಗ ರೋಡಿನ ಕಡೆಗೂ ಗೇಟ್ ಐತಿ. 2023ರಾಗ ಉದ್ಘಾಟನೆ ಆದ 1,507 ಮೀಟರಿನ ಪ್ಲಾಟ್‌ಫಾರ್ಮ್ ಜಗತ್ತಿನ್ಯಾಗ ಎಲ್ಲಾಕಿಂತ ಉದ್ದ ಅಂತ ನಮಗ ಹೆಮ್ಮಿ ಖರೇ, ಆದ್ರ ಎರಡು ಸೂಟ್‌ಕೇಸ್, ಒಂದು ಕೂಸು ಹಿಡ್ಕೊಂಡು ಅದರ ತುದಿಯಿಂದ ನಡದು ಬಂದವ್ರಿಗೆ ಆ ಹೆಮ್ಮಿ ಸೊಲ್ಪ ಕಮ್ಮಿ ಇರ್ತದ. ರೈಲ್ವೆ ಕೆಲಸಕ್ಕ ಬರೂವವ್ರಿಗೆ, ನೈರುತ್ಯ ರೈಲ್ವೆ ಹೆಡ್ ಆಫೀಸು ರೈಲ್ ಸೌಧ ಗದಗ ರೋಡಿಗೆ ಐತಿ, ಅವ್ರು ಆ ಕಡೆ ನೋಡ್ಕೊಂಡ್ರ ಛಲೋ.

ಗೋಕುಲ ರೋಡ್ ಏರ್‌ಪೋರ್ಟ್ ಮಂದಿಗೆ, ಇಂಡಸ್ಟ್ರಿಯಲ್ ಎಸ್ಟೇಟಿಗೆ ಬರೂ ಸೇಲ್ಸ್ ಮಂದಿಗೆ, ಹೊಸ ಬಸ್ ಸ್ಟ್ಯಾಂಡಿಗೆ ಇಳಿಯೂವವ್ರಿಗೆ. ಇಲ್ಲಿ ಕಟ್ಟಡ ಹೊಸಾವು, ಪಾರ್ಕಿಂಗ್ ಐತಿ, ಲಿಫ್ಟ್ ಐತಿ, ಬೆಳಗಿನ ನಾಷ್ಟಾ ಬಫೆ ಇರ್ತದ. ಆದ್ರ ಸಂಜಿ ಏಳಾದ ಮ್ಯಾಲೆ ಹೊರಗ ಬಂದು ಏನರ ನೋಡೂಣು ಅಂದ್ರ ಏನೂ ಇಲ್ಲ, ಶೋರೂಮ್, ಗ್ಯಾರೇಜ್. ಮನಿ ಮಂದಿ ಕರ್ಕೊಂಡು ಬಂದವ್ರು ಎರಡನೇ ದಿನಕ್ಕ ಬ್ಯಾಸರ ಮಾಡ್ಕೋತಾರ.

ವಿದ್ಯಾನಗರ, ಉಣಕಲ್ ಕಡೆ ನನಗ ವೈಯಕ್ತಿಕವಾಗಿ ಭಾಳ ಸೇರ್ತದ. ಕಿಮ್ಸ್ ದವಾಖಾನಿಗೆ ಪೇಷಂಟ್ ಕರ್ಕೊಂಡು ಬಂದವ್ರು, ಬಿವಿಬಿ ಕಾಲೇಜಿಗೆ (ಈಗ ಕೆಎಲ್ಇ ಟೆಕ್, ಆದ್ರ ಆಟೋದವ್ರಿಗೆ ಬಿವಿಬಿ ಅಂದ್ರನ ತಿಳೀತದ) ಮಕ್ಕಳ ಅಡ್ಮಿಷನ್‌ಗೆ ಬಂದವ್ರು ಇಲ್ಲೇ ಇರ್ರಿ. ಮುಂಜಾನೆ ಉಣಕಲ್ ಕೆರಿ ದಂಡಿಗೆ ವಾಕಿಂಗ್ ಆಗ್ತದ, ಚಂದ್ರಮೌಳೇಶ್ವರ ಗುಡಿ ಹತ್ರ ಐತಿ. ಎಲ್ಲಾಕಿಂತ ದೊಡ್ಡ ಫಾಯದೆ ಏನಂದ್ರ ಚಿಗರಿ ಬಸ್, ಅಂದ್ರ ಎರಡೂ ಊರಿನ ನಡುವ ಓಡೂ ಬಿಆರ್‌ಟಿಎಸ್ ಬಸ್. ಧಾರವಾಡಕ್ಕ ಹೋಗೂ ಕೆಲಸಾನೂ ಇದ್ದು ಹುಬ್ಬಳ್ಳಿ ಕೆಲಸಾನೂ ಇದ್ರ ಇಲ್ಲಿ ರೂಮ್ ಮಾಡಿ ಚಿಗರಿ ಹಿಡೀರಿ, ಅದಕ್ಕ ಬ್ಯಾರೆ ಲೇನ್ ಐತಿ, ಎಸಿ ಐತಿ, ಸ್ಟೇಷನ್ನಿನ್ಯಾಗ ಟಿಕೀಟ್ ತಗೊಂಡು ಗೇಟ್ ದಾಟೂದು. ನಾನ್‌ಸ್ಟಾಪ್ ಯಾವದು, ಎಲ್ಲಾ ಕಡೆ ನಿಲ್ಲೂದು ಯಾವದು ಅಂತ ನೋಡಿ ಹತ್ರಿ, ಇಲ್ಲಾಂದ್ರ ನವನಗರದಾಗ ಇಳಿಯೂವವ್ರು ಸೀದಾ ಧಾರವಾಡಕ್ಕ ಮುಟ್ಟತಾರ. ಒಂದ ಎಚ್ಚರ, ಪಿ.ಬಿ. ರೋಡಿಗೆ ಮುಖ ಇರೂ ರೂಮ್ ತಗೋಬ್ಯಾಡ್ರಿ, ಹಿಂದಿನ ಬದಿ ರೂಮ್ ಕೇಳ್ರಿ, ರಾತ್ರಿ ಲಾರಿ ಹಾರ್ನ್ ಇರ್ತದ.

ಧಾರವಾಡದ್ದು ಬ್ಯಾರೆ ಲೆಕ್ಕ. ಕರ್ನಾಟಕ ಯೂನಿವರ್ಸಿಟಿ, ಕೃಷಿ ಯೂನಿವರ್ಸಿಟಿ, ಹೈಕೋರ್ಟ್, ಐಐಟಿ, ಕಾಂಪಿಟೇಟಿವ್ ಎಕ್ಸಾಂ ಕೋಚಿಂಗ್, ಇವುಗಳಾಗ ಯಾವ ಕೆಲಸ ಇದ್ರೂ ಹುಬ್ಬಳ್ಳಿಯೊಳಗ ರೂಮ್ ಮಾಡೂದು ದಡ್ಡತನ. ಐಐಟಿ ಅಂತೂ ಈಗ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್ಸಿನ್ಯಾಗ ಐತಿ, ಮೊದಲಿನ ವಾಲ್ಮಿ ಜಾಗಕ್ಕ ಮ್ಯಾಪ್ ಹಾಕ್ಕೊಂಡು ಹೋಗಬ್ಯಾಡ್ರಿ. ರೂಮಿನ ಸಂಖ್ಯೆ ಹುಬ್ಬಳ್ಳಿಯಷ್ಟಿಲ್ಲ, ಅದಕ್ಕ ಮೊದಲ ಬುಕ್ ಮಾಡ್ರಿ. ಊರು ತಣ್ಣಗ, ಹೊತ್ತು ಮುಣುಗಿದ ಮ್ಯಾಲೆ ಮಂದಿ ಸುಮ್ನ ಅಡ್ಡಾಡ್ತಾರ, ಲೈನ್ ಬಜಾರ್ ಪೇಡೆ ಕಟ್ಟಿಸ್ಕೊಂಡು ಹೋಗಬಹುದು. ಎಸ್‌ಡಿಎಂ ದವಾಖಾನಿ ಕೆಲಸ ಇದ್ದವ್ರು ಮಾತ್ರ ಸತ್ತೂರ ಅಂತ ಹುಡುಕ್ರಿ, ಅದು ಎರಡೂ ಊರಿನ ನಡುವ. ಅಮರಗೋಳ ಎಪಿಎಂಸಿಗೆ ಮಾಲು ತಂದವ್ರಿಗೆ ನವನಗರ ಹತ್ರ. ಅಷ್ಟ.

ಗದಗ, ಹಾವೇರಿ ಬಗ್ಗೇನೂ ಕೇಳ್ತಾರ. ಲಕ್ಕುಂಡಿ ಗುಡಿ ನೋಡೂದಕ್ಕ ಹೋಗೂವವ್ರು ಗದಗಿನ್ಯಾಗ ಬಸ್ ಸ್ಟ್ಯಾಂಡ್ ಹತ್ರ ರೂಮ್ ಮಾಡ್ರಿ, ಅಲ್ಲಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರ್, ಊರಾಗ ವೀರನಾರಾಯಣ ಗುಡಿ, ತ್ರಿಕೂಟೇಶ್ವರ ನೋಡಿದಂಗೂ ಆತು. ಹುಬ್ಬಳ್ಳಿಯಿಂದ ಹೋಗಿ ಬರ್ತೀನಿ ಅಂದ್ರೂ ಒಂದ ದಿನದಾಗ ಆಗ್ತದ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಗೆ ಬರೂ ವ್ಯಾಪಾರಸ್ಥರು ಸೀಜನ್ ಟೈಮಿಗೆ ಬ್ಯಾಡಗಿಯೊಳಗ ರೂಮ್ ಸಿಗಲಿಲ್ಲಂದ್ರ ಹಾವೇರಿ ಅಥವಾ ರಾಣೇಬೆನ್ನೂರು ನೋಡ್ರಿ, ಹುಬ್ಬಳ್ಳಿತನಾ ಬರಬ್ಯಾಡ್ರಿ.

ಗಡಿಯಾರ ನೋಡಿ ಬುಕ್ ಮಾಡ್ರಿ

ಇದು ನನ್ನ ಮಟ್ಟಿಗೆ ಎಲ್ಲಾಕಿಂತ ಮುಖ್ಯ, ಮತ್ತ ಎಲ್ಲಾರೂ ತಪ್ಪು ಮಾಡೂದು ಇಲ್ಲೇ. ನಮ್ಮ ಕಡೆ ಎರಡು ನಮೂನಿ ಐತಿ. ಹಳೇ ಲಾಡ್ಜ್‌ಗಳಾಗ ಇಪ್ಪತ್ನಾಕು ತಾಸಿನ ಲೆಕ್ಕ, ನೀವು ಕೀ ಇಸ್ಕೊಂಡ ಹೊತ್ತಿನಿಂದ ಮರುದಿನ ಅದ ಹೊತ್ತಿನ ತನಾ. ಹೊಸ ಹೋಟೆಲ್‌ಗಳಾಗ ಮಧ್ಯಾಹ್ನ ಹನ್ನೆರಡಕ್ಕ ಚೆಕ್-ಇನ್, ಮರುದಿನ ಹನ್ನೊಂದಕ್ಕೋ ಹನ್ನೆರಡಕ್ಕೋ ಚೆಕ್-ಔಟ್, ನೀವು ಯಾವಾಗರ ಬರ್ರಿ.

ಒಂದು ದಿನ ನನ್ನ ನೈಟ್ ಶಿಫ್ಟ್. ನಸುಕಿನ್ಯಾಗ ನಾಕೂವರಿ ಸುಮಾರು ಬೆಂಗಳೂರು ಗಾಡಿ ಇಳದು ಒಂದು ಕುಟುಂಬ ಬಂತು, ಗಂಡ-ಹೆಂಡ್ತಿ, ಒಬ್ಬ ಅಜ್ಜಿ, ಕೈಯಾಗ ಸೀರಿ ಕವರ್, ಒದ್ದಿ ಅರಿವಿ ಮುಚ್ಚಿದ ಹೂವಿನ ಬುಟ್ಟಿ. ಅವತ್ತ ಮುಂಜಾನೆ ಒಂಬತ್ತು ನಲವತ್ತಕ್ಕ ಅಕ್ಷತಾ. ಬುಕಿಂಗ್ ಅವತ್ತಿನ ತಾರೀಖಿಗೇನ ಇತ್ತು, ತಾರೀಖು ರಾತ್ರಿ ಹನ್ನೆರಡಕ್ಕ ಬದಲಾಗ್ತದ, ಅಂದ್ರ ರೂಮ್ ಅವಾಗಿಂದ ನಮ್ಮದು ಅಂತ ಅವರ ಲೆಕ್ಕ. ಹೋಟೆಲ್ ಲೆಕ್ಕದಾಗ ಅವರ ರೂಮಿನ್ಯಾಗ ಇನ್ನೂ ಹಿಂದಿನ ರಾತ್ರಿ ಗಿರಾಕಿ ಮಲಗ್ಯಾರ. ಹೌಸ್‌ಫುಲ್. ಗಂಡ ಸಿಟ್ಟಿಗೆದ್ದು ಆ್ಯಪಿನ ಸ್ಕ್ರೀನ್‌ಶಾಟ್ ತೋರ್ಸಾಕತ್ತ, ಹೆಂಡ್ತಿ ಅಳೂದೊಂದ ಬಾಕಿ. ಅಜ್ಜಿ ಮಾತ್ರ ಒಂದ ಮಾತೂ ಆಡ್ಲಿಲ್ಲ, ಚಪ್ಲಿ ಬಿಟ್ಟು ಲಾಬಿ ಸೋಫಾ ಮ್ಯಾಲೆ ಕಾಲು ಚಾಚಿ, ಬ್ಯಾಗ್ ತಲಿದಿಂಬು ಮಾಡ್ಕೊಂಡು ಮಲಗಿಬಿಟ್ಳು. ನಾನು ಚಾ ಕೊಟ್ಟೆ, ಡ್ರೈವರ್ ರೂಮಿನ ಬಾತ್‌ರೂಮ್ ತಗದು ಕೊಟ್ಟೆ, ಏಳೂವರಿಗೆ ಒಬ್ಬ ಮೆಡಿಕಲ್ ರೆಪ್ ಲಗೂ ಚೆಕ್-ಔಟ್ ಮಾಡಿದ, ಹೌಸ್‌ಕೀಪಿಂಗ್ ಅಕ್ಕ ಇಪ್ಪತ್ತು ನಿಮಿಷದಾಗ ಹಾಸಿಗಿ ಬದಲ ಮಾಡಿ ಕೊಟ್ಳು. ಲಗ್ನಕ್ಕ ಮುಟ್ಟಿದ್ರು ಅನ್ರಿ. ಆದ್ರ ರಸ್ತಾದ ಆಚೆ ಬದಿ ಇಪ್ಪತ್ನಾಕು ತಾಸಿನ ಲಾಡ್ಜಿನ್ಯಾಗ ಅವತ್ತು ರೂಮ್ ಖಾಲಿ ಇದ್ವು, ಅಲ್ಲಿ ಐದಕ್ಕ ಸ್ನಾನ ಮಾಡಿ ಒಂದು ನಿದ್ದಿ ತಗದು ಏಳಬಹುದಿತ್ತು, ರೊಕ್ಕಾನೂ ಅರ್ಧ.

ಹಂಗಾರ ಲೆಕ್ಕ ಹಿಂಗ ಹಾಕ್ರಿ. ನಸುಕಿನ್ಯಾಗ ಇಳದು ಅವತ್ತ ರಾತ್ರಿ ವಾಪಸ್ ಗಾಡಿ ಇದ್ರ ಕಣ್ಣು ಮುಚ್ಚಿ ಇಪ್ಪತ್ನಾಕು ತಾಸಿನ ಲಾಡ್ಜ್, ಒಂದ ದಿನದ ಬಾಡಿಗಿ. ಅದ ಮಧ್ಯಾಹ್ನದ ಲೆಕ್ಕದ ಹೋಟೆಲಿನ್ಯಾಗ ಮಾಡಿದ್ರ ಹಿಂದಿನ ರಾತ್ರಿದೂ ಸೇರಿಸಿ ಎರಡು ದಿನದ ರೊಕ್ಕ ಕೊಡಬೇಕು, ಇಲ್ಲಾ ಅರ್ಲಿ ಚೆಕ್-ಇನ್ ಅಂತ ಮ್ಯಾಲೆ ಕೊಡಬೇಕು. ರಾತ್ರಿ ಒಂಬತ್ತಕ್ಕ ಬಂದು ಮರುದಿನ ಸಂಜಿ ತನಾ ಕೆಲಸ ಇದ್ರೂ ಇಪ್ಪತ್ನಾಕು ತಾಸು ಫಾಯದೆ. ಮಧ್ಯಾಹ್ನ ಎರಡಕ್ಕ ಬಂದು ಮರುದಿನ ಹತ್ತಕ್ಕ ಹೋಗೂದಾದ್ರ ಯಾವದಾದ್ರೂ ಒಂದ. ಆದ್ರ ನಸುಕಿನ್ಯಾಗ ಐದಕ್ಕ ಕೀ ಇಸ್ಕೊಂಡವ್ರು ಎರಡು ರಾತ್ರಿ ಇದ್ದು ಮೂರನೇ ದಿನ ಹತ್ತಕ್ಕ ಹೊಂಟ್ರ ಲಾಡ್ಜಿನವ್ರು ಮೂರನೇ ದಿನದ್ದೂ ಕೇಳ್ತಾರ, ಯಾಕಂದ್ರ ಐದಕ್ಕ ಟೈಮ್ ಮುಗೀತು. ಅದಕ್ಕ ಕೀ ಇಸ್ಕೊಳ್ಳುವಾಗ ರಜಿಸ್ಟರಿನ್ಯಾಗ ಟೈಮ್ ಎಷ್ಟು ಬರದ್ರು ಅಂತ ಬಗ್ಗಿ ನೋಡ್ರಿ, ಎಷ್ಟು ತಾಸು ಗ್ರೇಸ್ ಕೊಡ್ತೀರಿ ಅಂತ ಅವಾಗ ಕೇಳ್ರಿ, ಹೊಂಡೂ ಹೊತ್ತಿನ್ಯಾಗ ಕೇಳಿದ್ರ ಜಗಳ.

ಬರೇ ಮುಖ ತೊಳ್ಕೊಂಡು ನಾಕು ತಾಸು ಮಲಗಬೇಕಂದ್ರ ಸ್ಟೇಷನ್ನಿನ ರಿಟೈರಿಂಗ್ ರೂಮ್ ನೋಡ್ರಿ. ಕನ್ಫರ್ಮ್ ಟಿಕೀಟಿನ ಪಿಎನ್ಆರ್ ಹಾಕಿ ಐಆರ್‌ಸಿಟಿಸಿಯೊಳಗ ಬುಕ್ ಮಾಡೂದು. ಲಗೂ ತುಂಬ್ತಾವ, ಟಿಕೀಟ್ ಮಾಡಿದ ದಿನಾನ ನೋಡಿ ಇಡ್ರಿ.

ಆ್ಯಪೋ, ಫೋನೋ, ಸೀದಾ ಹೋಗೂದೋ

ಆ್ಯಪಿನ್ಯಾಗ ಬುಕ್ ಮಾಡಿದ್ರ ಹೋಟೆಲಿನವ್ರು ಆ್ಯಪಿಗೆ ಕಮಿಷನ್ ಕೊಡ್ತಾರ, ಹದಿನೈದು-ಇಪ್ಪತ್ತು ಪರ್ಸೆಂಟ್ ಅನ್ನೂದು ಸಾಮಾನ್ಯ. ಎರಡು ಸಾವಿರದ ರೂಮ್ ಅಂದ್ರ ಮುನ್ನೂರು-ನಾಕನೂರು ಅಲ್ಲೇ ಹೋತು. ಅದಕ್ಕ ರೇಟ್ ಆ್ಯಪಿನ್ಯಾಗ ನೋಡ್ರಿ, ಫೋನ್ ಮಾತ್ರ ಹೋಟೆಲಿಗೆ ಹಚ್ರಿ. "ಆ್ಯಪಿನ್ಯಾಗ ಇಷ್ಟು ತೋರಸ್ತದ, ನೀವು ಎಷ್ಟು ಮಾಡ್ತೀರಿ" ಅಂತ ಕೇಳ್ರಿ. ಒಂದು ಒಳಗಿನ ಗುಟ್ಟು ಏನಂದ್ರ, ಕೌಂಟರಿನ ಹುಡುಗರಿಗೆ ರೇಟ್ ಇಳಿಸೂ ಅಧಿಕಾರ ಭಾಳ ಇರೂದಿಲ್ಲ, ಆದ್ರ ನಾಷ್ಟಾ ಸೇರಿಸೂದು, ಎರಡು ತಾಸು ಲೇಟ್ ಚೆಕ್-ಔಟ್ ಕೊಡೂದು, ಮೂಲಿ ರೂಮ್ ಬದಲಿ ದೊಡ್ಡ ರೂಮ್ ಕೊಡೂದು ನಮ್ಮ ಕೈಯಾಗ ಇರ್ತದ. ನೂರು ರೂಪಾಯಿ ಸಲುವಾಗಿ ಹತ್ತು ನಿಮಿಷ ವಾದ ಮಾಡೂದಕ್ಕಿಂತ ಅದನ್ನ ಕೇಳ್ರಿ, ಕೊಡ್ತೇವಿ.

ಹಂಗಂತ ಆ್ಯಪ್ ಕೆಟ್ಟದ್ದಲ್ಲ. ಊರು ಗೊತ್ತಿಲ್ಲದವ್ರಿಗೆ, ರಾತ್ರಿ ತಡ ಆಗಿ ಮುಟ್ಟೂವವ್ರಿಗೆ, ಕಂಪನಿ ಬಿಲ್ ಬೇಕಾದವ್ರಿಗೆ ಅದ ಛಲೋ. ಕ್ಯಾನ್ಸಲ್ ಫ್ರೀ ಇರೂದು ತಗೋರಿ, ಹದಿನೈದು-ಇಪ್ಪತ್ತು ರೂಪಾಯಿ ಹೆಚ್ಚಾದ್ರೂ. "ಪೇ ಅಟ್ ಹೋಟೆಲ್" ಮಾಡಿದವ್ರು ಸಂಜಿಕೆ ಹೊಸ ನಂಬರಿಂದ ಫೋನ್ ಬಂದ್ರ ಎತ್ರಿ ದಯಮಾಡಿ, ಅದು ಲೋನ್ ಕಂಪನಿ ಅಲ್ಲ, ನಾವು. ಸೀಜನ್ನಿನ್ಯಾಗ ನೀವು ಎತ್ತಲಿಲ್ಲಂದ್ರ ಬರೂದಿಲ್ಲ ಅಂತ ತಿಳ್ಕೊಂಡು ಬ್ಯಾರೆಯವ್ರಿಗೆ ಕೊಟ್ಟುಬಿಡ್ತಾರ. ಮುಂಗಡ ರೊಕ್ಕ ಆ್ಯಪಿಗೆ ಕಟ್ಟಿದ್ರ ರೀಫಂಡಿಗೂ ಆ್ಯಪಿಗೇನ ಬೆನ್ನು ಹತ್ತಬೇಕು, ಆ ರೊಕ್ಕ ನಮ್ಮ ಕೈಗೆ ಬಂದಿರೂದ ಇಲ್ಲ, ಕೌಂಟರಿನ್ಯಾಗ ಒದರ್ಯಾಡಿ ಉಪಯೋಗಿಲ್ಲ.

ಫೋಟೋ ನಂಬಬ್ಯಾಡ್ರಿ. ಗಿರಾಕಿಗಳು ಹಾಕಿದ ಫೋಟೋ ನೋಡ್ರಿ, ರಿವ್ಯೂ ಹೊಸಾದಿಂದ ಹಳೇದಕ್ಕ ಹಚ್ಚಿ ಮ್ಯಾಲಿನ ಹತ್ತು ಓದ್ರಿ. ಆಮ್ಯಾಲೆ ಫೋನಿನ್ಯಾಗ ಬಿಸಿನೀರು ಯಾವ ಹೊತ್ತಿಂದ ಯಾವ ಹೊತ್ತಿಗೆ ಅಂತ ಕೇಳ್ರಿ, ಸೋಲಾರ್ ಇದ್ದಲ್ಲಿ ಮುಂಜಾನೆ ಒಂಬತ್ತಾದ ಮ್ಯಾಲೆ ತಣ್ಣೀರ ಗತಿ. ಮೂರನೇ ಮಂದಿಗೆ ಎಕ್ಸ್‌ಟ್ರಾ ಬೆಡ್ ಎಷ್ಟು, ಎಷ್ಟು ವಯಸ್ಸಿನ ಮಕ್ಕಳಿಗೆ ಚಾರ್ಜಿಲ್ಲ, ಲಿಫ್ಟ್ ಐತೋ ಇಲ್ಲೋ. ಮೊಣಕಾಲ ಬ್ಯಾನಿ ಇರೂ ಹಿರಿಯರನ್ನ ಕರ್ಕೊಂಡು ಬಂದು ಮೂರನೇ ಮಜಲಿಗೆ ಹತ್ತಿಸಿದವ್ರನ್ನ ನೋಡೀನಿ, ಅದಕ್ಕ ಹೇಳ್ದೆ.

ಬಿಲ್ಲಿನ ವಿಷಯ ಲಗೂ ಹೇಳ್ತೀನಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕ 7,500 ರೂಪಾಯಿ ತನಾ ಇರೂ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್, ಮೊದಲ 12 ಇತ್ತು. 2,000 ರೂಪಾಯಿ ರೂಮಿಗೆ ನೂರು ರೂಪಾಯಿ ಅಂದಂಗಾತು. ಅದಕ್ಕ ಮ್ಯಾಲಿನ ರೂಮಿಗೆ 18. ಈಗೂ ಯಾರರ 12 ಹಚ್ಚಿದ್ರ ಬಿಲ್ ತಿದ್ದಿಸ್ರಿ. ಸರ್ವಿಸ್ ಚಾರ್ಜ್ ಅಂತ ತಾವಾಗೇ ಬಿಲ್ಲಿನ್ಯಾಗ ಸೇರಿಸೂ ಹಂಗಿಲ್ಲ ಅಂತ 2022ರಾಗ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳೇತಿ, 2025ರಾಗ ದಿಲ್ಲಿ ಹೈಕೋರ್ಟ್ ಅದನ್ನ ಎತ್ತಿ ಹಿಡದೈತಿ. ಟಿಪ್ಸ್ ಕೊಡೂದು ನಿಮ್ಮ ಖುಷಿ, ಆದ್ರ ಕೊಡೂದಾದ್ರ ರೂಮ್ ಕ್ಲೀನ್ ಮಾಡೂ ಅಕ್ಕಗಳಿಗೆ ಕೈಯಾಗ ಕೊಡ್ರಿ, ಅವರ ಮುಖ ಯಾರಿಗೂ ಕಾಣೂದಿಲ್ಲ, ಅದಕ್ಕ ಅವ್ರಿಗೆ ಸಿಗೂದೂ ಇಲ್ಲ.

ಐಡಿ ಎಲ್ಲಾ ದೊಡ್ಡವ್ರದೂ ಬೇಕು, ಒಬ್ರದ ಅಲ್ಲ. ಆಧಾರ್, ಲೈಸೆನ್ಸ್, ವೋಟರ್ ಕಾರ್ಡ್ ನಡೀತದ, ಪ್ಯಾನ್ ಕಾರ್ಡಿನ್ಯಾಗ ಅಡ್ರೆಸ್ ಇರೂದಿಲ್ಲಂತ ತಗೊಳ್ಳೂದಿಲ್ಲ. ಆಧಾರದ ಝೆರಾಕ್ಸ್ ಕೊಡೂದಕ್ಕ ಮನಸ್ಸಿಲ್ಲಂದ್ರ ಮೊದಲಿನ ಎಂಟು ನಂಬರ್ ಮುಚ್ಚಿದ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡ್ಕೊಂಡು ಬರ್ರಿ. ಹುಬ್ಬಳ್ಳಿ-ಧಾರವಾಡ ಅಡ್ರೆಸ್ ಇದ್ದವ್ರಿಗೆ ರೂಮ್ ಕೊಡೂದಿಲ್ಲ ಅನ್ನೂ ಹೋಟೆಲ್ ಭಾಳ ಅದಾವ, ಲಗ್ನ ಆಗದ ಜೋಡಿಗೆ ಕೊಡೂದಿಲ್ಲ ಅನ್ನೂವೂ ಅದಾವ. ಕಾಯ್ದೆದಾಗ ಹಂಗ ಎಲ್ಲೂ ಇಲ್ಲ, ಅದು ಆಯಾ ಹೋಟೆಲಿನ ರೂಲ್. ಮನಿ ಪೇಂಟಿಂಗ್ ನಡದೈತಿ ಅಂತ ವಿದ್ಯಾನಗರದವ್ರ ರೂಮ್ ಕೇಳ್ಕೊಂಡು ಬಂದು ವಾಪಸ್ ಹೋಗ್ಯಾರ, ಅದಕ್ಕ ಫೋನ್ ಮಾಡಿನ ಕೇಳ್ರಿ. ಫಾರಿನ್ ಪಾಸ್‌ಪೋರ್ಟ್ ಇದ್ದವ್ರ ಸಲುವಾಗಿ ಇಪ್ಪತ್ನಾಕು ತಾಸಿನ್ಯಾಗ ಅವರ ಮಾಹಿತಿ ಸರ್ಕಾರಕ್ಕ ಆನ್‌ಲೈನ್ ಫಾರ್ಮಿನ್ಯಾಗ ತುಂಬಬೇಕು, ಆ ರಗಳಿ ಬ್ಯಾಡ ಅಂತ ಸಣ್ಣ ಲಾಡ್ಜಿನವ್ರು ಬ್ಯಾಡ ಅಂತಾರ, ಅಮೆರಿಕಾದಿಂದ ಬಂದ ತಮ್ಮನ ಮಕ್ಕಳನ್ನ ಕರ್ಕೊಂಡು ಬರೂವವ್ರು ನೆನಪಿಡ್ರಿ.

ಯಾವ ಟೈಮಿನ್ಯಾಗ ರೂಮ್ ಸಿಗೂದಿಲ್ಲ? ಲಗ್ನದ ಮುಹೂರ್ತ ಇದ್ದಾಗ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರಿಗೆ. ಸೆಪ್ಟೆಂಬರ್ ಹೊತ್ತಿಗೆ ಧಾರವಾಡ ಕೃಷಿ ಮೇಳಕ್ಕ. ರಂಗಪಂಚಮಿಗೆ ರೂಮ್ ಸಿಗ್ತಾವ, ಆದ್ರ ಅವತ್ತು ಊರಾಗಿನ ಪ್ಯಾಟಿ ಬಂದ್, ರಸ್ತಾದಾಗ ಬರೇ ಬಣ್ಣ. ಅವತ್ತು ನಾವು ಬಿಳಿ ಬೆಡ್‌ಶೀಟ್, ಬಿಳಿ ಟಾವೆಲ್ ಎಲ್ಲಾ ತಗದು ಕಪಾಟಿನ್ಯಾಗ ಹಾಕಿ ಹಳೇ ಬಣ್ಣದ್ದು ಹಾಸ್ತೇವಿ. ಮೀಟಿಂಗ್ ಇದ್ದವ್ರು ಆ ದಿನ ಇಟ್ಕೋಬ್ಯಾಡ್ರಿ.

ಇನ್ನ ಕೆಲಸದ ಮಾತು

ನಮ್ಮ ಹುಡುಗರಿಗೆ ಮೂರು ದಾರಿ ಅದಾವ, ನಾನು ಎರಡು ತುಳದೀನಿ, ಮೂರನೇದು ಗೆಳೆಯರು ತುಳದಾರ.

ಲಾಡ್ಜಿನ್ಯಾಗ ಸೇರೂದು ಸರಳ. ಪಿಯುಸಿ ಸಾಕು, ನಾಳೆಯಿಂದ ಬಾ ಅಂತಾರ. ಪಗಾರ ಕಮ್ಮಿ, ಆದ್ರ ಎಲ್ಲಾ ಕೆಲಸ ಕಲೀತೀರಿ, ಕೌಂಟರ್ ನೀವ, ಕ್ಯಾಷ್ ನೀವ, ಬಲ್ಬ್ ಹೋದ್ರ ಹಾಕೂದೂ ನೀವ. ನಾನು ಮೂರು ವರ್ಷದಾಗ ಕಲತಿದ್ದು ಮಂದಿ ಓದೂದು, ಯಾರು ಬಿಲ್ ಕೊಡದ ಓಡ್ತಾರ, ಯಾರು ರಾತ್ರಿ ಗದ್ದಲ ಮಾಡ್ತಾರ ಅನ್ನೂದು ಬ್ಯಾಗ್ ಇಡೂದ್ರಾಗ ಗೊತ್ತಾಗ್ತದ. ಆದ್ರ ಅಲ್ಲೇ ಕುಂತ್ರ ಹತ್ತು ವರ್ಷ ಆದ್ರೂ ಅದ ಸ್ಟೂಲ್. ಬಿಸಿನೆಸ್ ಹೋಟೆಲಿಗೆ ಬಂದ್ರ ಕೆಲಸ ಭಾಗ ಆಗಿರ್ತದ, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಸರ್ವಿಸ್, ಕಿಚನ್. ಸಾಫ್ಟ್‌ವೇರ್ ಕಲೀತೀರಿ, ನೈಟ್ ಆಡಿಟ್ ಅಂದ್ರ ದಿನದ ಲೆಕ್ಕ ರಾತ್ರಿ ಮುಗಿಸೂದು ಕಲೀತೀರಿ, ಅದು ಬಂದವ್ರಿಗೆ ಯಾವ ಊರಿಗೆ ಹೋದ್ರೂ ಕೆಲಸ ಐತಿ. ಮೂರನೇದು ಹೋಟೆಲ್ ಮ್ಯಾನೇಜ್ಮೆಂಟ್ ಓದಿ ಬೆಂಗಳೂರು, ಗೋವಾಕ್ಕ ಹೋಗೂದು. ಪಿಯುಸಿ ಯಾವ ಸೈಡ್ ಇದ್ರೂ ನಡೀತದ, ಇಂಗ್ಲಿಷ್ ಒಂದು ಸಬ್ಜೆಕ್ಟ್ ಇರಬೇಕು. ಸರ್ಕಾರಿ ಐಎಚ್‌ಎಂ, ಅಂದ್ರ ಹೋಟೆಲ್ ಮ್ಯಾನೇಜ್ಮೆಂಟ್ ಕಾಲೇಜುಗಳಿಗೆ ಎನ್‌ಸಿಎಚ್‌ಎಂ ಜೆಇಇ ಅನ್ನೂ ಪ್ರವೇಶ ಪರೀಕ್ಷೆ ಬರೀಬೇಕು, ಮೂರು ವರ್ಷದ ಡಿಗ್ರಿ, ಬೆಂಗಳೂರಿನ್ಯಾಗ ಒಂದು ಐತಿ. ಮೂರು ವರ್ಷ ಆಗೂದಿಲ್ಲಂದ್ರ ಅಡಗಿಯ ಕ್ರಾಫ್ಟ್ ಕೋರ್ಸ್ ಒಂದೂವರಿ ವರ್ಷದ್ದೈತಿ. ಖಾಸಗಿ ಕಾಲೇಜಿನವ್ರು ನೂರಕ್ಕ ನೂರು ಪ್ಲೇಸ್ಮೆಂಟ್ ಅಂದ್ರ, ಹೋದ ವರ್ಷದ ಇಬ್ಬರು ಹುಡುಗರ ಫೋನ್ ನಂಬರ್ ಕೇಳ್ರಿ, ಕೊಡ್ಲಿಲ್ಲಂದ್ರ ಎದ್ದು ಬರ್ರಿ.

ಗೋವಾ ನಮಗ ಹತ್ರ, ಹುಡುಗರು ಭಾಳ ಹೋಗ್ತಾರ. ಆದ್ರ ಅಲ್ಲಿ ಅಕ್ಟೋಬರಿನಿಂದ ಮಾರ್ಚ್ ತನಾ ಸೀಜನ್, ಮಳಿಗಾಲದಾಗ ಕೆಲವು ಕಡೆ ಮನಿಗೆ ಕಳಸ್ತಾರ, ವರ್ಷಪೂರ್ತಿ ಕೆಲಸಾನೋ ಸೀಜನ್ ಕೆಲಸಾನೋ ಅಂತ ಲೆಟರಿನ್ಯಾಗ ಬರಿಸ್ಕೋರಿ. ಗಲ್ಫಿಗೆ ಕಳಸ್ತೀನಿ ಅನ್ನೂ ಏಜೆಂಟ್ ಲೈಸೆನ್ಸ್ ಇದ್ದವನೋ ಅಂತ ಇ-ಮೈಗ್ರೇಟ್ ಸೈಟಿನ್ಯಾಗ ನೋಡ್ರಿ, ಲೈಸೆನ್ಸ್ ಇದ್ದವ್ರು ಸುದ್ದಾ 30,000 ರೂಪಾಯಿ ಮತ್ತ ಜಿಎಸ್‌ಟಿಗಿಂತ ಹೆಚ್ಚಿಗಿ ಫೀ ತಗೊಳ್ಳೂ ಹಂಗಿಲ್ಲ. ಎರಡು ಲಕ್ಷ ಕೇಳಿದ್ರ ಅವಾ ಏಜೆಂಟ್ ಅಲ್ಲ.

ಪಗಾರ ಕೇಳುವಾಗ ಬರೇ ನಂಬರ್ ಕೇಳಬ್ಯಾಡ್ರಿ. ಪಿಎಫ್ ಐತೇನು, 21,000ದ ಒಳಗ ಪಗಾರ ಇದ್ರ ಇಎಸ್‌ಐ ಹಿಡೀತಾರೇನು, ಊಟ ಎರಡು ಹೊತ್ತೋ ಮೂರು ಹೊತ್ತೋ. ಮನ್ಯಾಗ ಯಾರಿಗರ ಆಪರೇಷನ್ ಬಂದಾಗ ಇಎಸ್‌ಐ ಬೆಲೆ ಗೊತ್ತಾಗ್ತದ. ಕಿಚನ್, ಸರ್ವಿಸ್ ಹುಡುಗರು ಬ್ರೇಕ್ ಶಿಫ್ಟ್ ಬಗ್ಗೆ ಕೇಳ್ರಿ, ಮುಂಜಾನೆ ಹನ್ನೊಂದರಿಂದ ಮೂರು, ಮತ್ತ ಸಂಜಿ ಏಳರಿಂದ ಹನ್ನೊಂದು, ಲೆಕ್ಕಕ್ಕ ಎಂಟ ತಾಸು ಕಾಣ್ತದ, ಖರೇ ಅಂದ್ರ ಇಡೀ ದಿನ ಅದಕ್ಕ ಹೋಗ್ತದ. ನಡುವಿನ ನಾಕು ತಾಸು ಮನಿಗೆ ಹೋಗಿ ಮಲಗೂವಷ್ಟು ಹತ್ರ ಮನಿ ಇದ್ರ ನಡೀತದ, ಧಾರವಾಡದಿಂದ ಗೋಕುಲ ರೋಡಿಗೆ ಬರೂವವ ಅಲ್ಲೇ ಡೈನಿಂಗ್ ಹಾಲಿನ ಹಿಂದ ಮೂಟಿ ಮ್ಯಾಲೆ ಮಲಗ್ತಾನ.

ಹೋದ ತಿಂಗಳು ನಮ್ಮ ಅಕ್ಕನ ಮಗಳಿಗೆ ಎರಡು ಆಫರ್ ಬಂದ್ವು, ಎರಡೂ ಫ್ರಂಟ್ ಆಫೀಸ್. ಒಂದು ಗೋಕುಲ ರೋಡಿಗೆ, ಪಗಾರ ಎರಡು ಸಾವಿರ ಹೆಚ್ಚಿಗಿ. ಇನ್ನೊಂದು ಉಣಕಲ್ ಕಡೆ, ಕಮ್ಮಿ. ಅಕ್ಕನ ಮನಿ ನವನಗರ. ಸೆಕೆಂಡ್ ಶಿಫ್ಟ್ ಮೂರರಿಂದ ಹನ್ನೊಂದು, ಲೆಕ್ಕ ಒಪ್ಪಿಸಿ ಹೊರಗ ಬರೂದ್ರಾಗ ಹನ್ನೊಂದೂಕಾಲು ಆಗ್ತದ. "ಮಾಮಾ, ಎರಡು ಸಾವಿರ ಹೆಚ್ಚು ಕೊಡಾಕತ್ತಾರ, ಅದಕ್ಕ ಹೋಗ್ಲೇನು" ಅಂತ ಕೇಳಿದ್ಳು. ಆ ಹೊತ್ತಿನ್ಯಾಗ ಡ್ರಾಪ್ ಗಾಡಿ ಕೊಡ್ತಾರೇನು ಕೇಳವ್ವಾ ಅಂದೆ. ಗೋಕುಲ ರೋಡಿನವ್ರು "ನೋಡೂಣು" ಅಂದ್ರಂತ, ಉಣಕಲ್‌ನವ್ರು ಡ್ರೈವರ್ ನಂಬರ್ ಕೊಟ್ರಂತ. ಸೋಮವಾರದಿಂದ ಉಣಕಲ್ಲಿಗೆ ಹೋಗಾಕತ್ತಾಳ.